ಮನೆಬಾಗಿಲಿನಲ್ಲೇ ಕಸ ವಿಂಗಡಣೆ: ಪುಣೆ ನಗರದ ಅನುಭವ

ನಗರಗಳು ಬೆಳೆದಂತೆ ಅವು ಹೊರಹಾಕುವ ಕಸದ ಪ್ರಮಾಣವೂ ಬೆಳೆಯುತ್ತದೆ. ನಮ್ಮ ದೇಶದ ನಗರಗಳ ಮನೆಗಳಿಂದ ಹೊರಬೀಳುವ ಕಸದಲ್ಲಿ ಸರಿಸುಮಾರು ಅರ್ಧದಷ್ಟು ತರಕಾರಿ ಸಿಪ್ಪೆ, ಉಳಿದ ಅನ್ನ, ಹೂವು, ಎಲೆ ಮೊದಲಾದ ಕೊಳೆಯುವ ಪದಾರ್ಥಗಳೇ ಆಗಿವೆ. ಕಾಗದ, ಗಾಜು, ಲೋಹ, ಪ್ಲಾಸ್ಟಿಕ್ ಮುಂತಾದವುಗಳಲ್ಲಿ ಬಹುಪಾಲು ಮತ್ತೆ ಕಾರ್ಖಾನೆಗಳ ಕಚ್ಚಾವಸ್ತುವಾಗಬಲ್ಲವು. ಹೀಗಿದ್ದರೂ ಇವೆಲ್ಲವೂ ಒಂದೇ ಬುಟ್ಟಿಯಲ್ಲಿ ಬೆರೆತಾಗ ಗೊಬ್ಬರವಾಗಬೇಕಾದುದು ದುರ್ಗಂಧವಾಗುತ್ತದೆ. ಮರುಬಳಕೆಯಾಗಬೇಕಾದುದು ಕೊಳೆತು ಬೆಲೆ ಕಳೆದುಕೊಳ್ಳುತ್ತದೆ. ಆದುದರಿಂದ ಕಸದ ಸಮಸ್ಯೆಗೆ ಪರಿಹಾರವು ಅದು ಹುಟ್ಟುವ ಸ್ಥಳದಲ್ಲಿಯೇ, ಅಂದರೆ ಮನೆಯಲ್ಲಿಯೇ, ಆರಂಭವಾಗಬೇಕಾಗುತ್ತದೆ. ಮಹಾರಾಷ್ಟ್ರದ ಪುಣೆ ನಗರದಲ್ಲಿ ಚಿಂದಿ ಆಯುವ ಮಹಿಳೆಯರು ಸಂಘಟಿತರಾಗಿ ನಡೆಸಿಕೊಂಡು ಬಂದಿರುವ ಕಾರ್ಯವು ಈ ದೃಷ್ಟಿಯಿಂದ ಗಮನಾರ್ಹವಾಗಿದೆ.

ಸಂಘಟನೆಯ ಉಗಮ

ಪುಣೆಯ ಬೀದಿಗಳಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು, ಕಸದ ತೊಟ್ಟಿಗಳನ್ನು ಕೆದಕಿ ಕಾಗದ, ಬಾಟಲಿ, ತಗಡು ಆಯ್ದು ಗುಜರಿ ಅಂಗಡಿಗೆ ಮಾರುತ್ತಿದ್ದವರಲ್ಲಿ ಹೆಚ್ಚಿನವರು ದಲಿತ ಸಮುದಾಯಗಳಿಗೆ ಸೇರಿದ ಮಹಿಳೆಯರು. ಅವರ ಶ್ರಮದಿಂದ ನಗರದ ಹೊರೆ ಇಳಿಯುತ್ತಿದ್ದರೂ ಅವರನ್ನು ಕಾರ್ಮಿಕರೆಂದು ಯಾರೂ ಪರಿಗಣಿಸಿರಲಿಲ್ಲ. ಕಳ್ಳರೆಂಬ ಅನುಮಾನ, ನಾಯಿಕಡಿತ, ಗಾಜು ಚುಚ್ಚಿದ ಗಾಯ, ಗುಜರಿ ವ್ಯಾಪಾರಿಯ ತೂಕದ ಮೋಸ ಇವೇ ಅವರ ನಿತ್ಯದ ಪಾಡಾಗಿದ್ದವು.

1990ರ ಸುಮಾರಿಗೆ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣ ಕಾರ್ಯಕ್ರಮದ ಕಾರ್ಯಕರ್ತರು ಈ ಮಹಿಳೆಯರ ನಡುವೆ ಕೆಲಸ ಆರಂಭಿಸಿದರು. ಕೊಳಕು ತೊಟ್ಟಿಯನ್ನು ಕೆದಕುವ ಬದಲು, ವಿಂಗಡಿಸಿದ ಕಸವನ್ನು ಮನೆಗಳಿಂದಲೇ ಪಡೆಯುವಂತಾದರೆ ಶ್ರಮವೂ ತಗ್ಗುತ್ತದೆ, ಆದಾಯವೂ ಹೆಚ್ಚುತ್ತದೆ ಎಂಬುದು ಅಲ್ಲಿ ಅನುಭವದಿಂದಲೇ ಸ್ಪಷ್ಟವಾಯಿತು. ಪುಣೆಯಲ್ಲಿ ಹಮಾಲ ಪಂಚಾಯತಿಯನ್ನು ಕಟ್ಟಿದ ಡಾ. ಬಾಬಾ ಆಢಾವ ಅವರ ಮಾರ್ಗದರ್ಶನವೂ ದೊರೆತು, 1993ರಲ್ಲಿ ‘ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ’ ಎಂಬ ಕಾರ್ಮಿಕ ಸಂಘವು ಸ್ಥಾಪನೆಯಾಯಿತು. ಮರಾಠಿಯಲ್ಲಿ ಕಾಚ ಎಂದರೆ ಗಾಜು, ಪತ್ರಾ ಎಂದರೆ ತಗಡು, ಕಷ್ಟಕರಿ ಎಂದರೆ ಮೈಮುರಿದು ದುಡಿಯುವವರು. ಸಂಘದ ಹೆಸರಿನಲ್ಲೇ ಅದರ ಸದಸ್ಯರ ವೃತ್ತಿಯು ಅಡಗಿದೆ.

1990ರ ದಶಕದ ಮಧ್ಯಭಾಗದಲ್ಲಿ ಸಂಘವು ನೀಡಿದ ಗುರುತಿನ ಚೀಟಿಗಳಿಗೆ ಪುಣೆ ಮಹಾನಗರಪಾಲಿಕೆಯು ಮಾನ್ಯತೆ ನೀಡಿತು. ಸಣ್ಣ ಚೀಟಿಯೊಂದು ದೊಡ್ಡ ಬದಲಾವಣೆಗೆ ಕಾರಣವಾಯಿತು. ಬೆಳಗಿನ ಜಾವ ಬೀದಿಯಲ್ಲಿ ಪ್ರಶ್ನಿಸುವವರಿಗೆ ‘ಇದು ನನ್ನ ಕೆಲಸ’ ಎಂದು ತೋರಿಸಲು ಆ ಮಹಿಳೆಯರ ಕೈಯಲ್ಲಿ ಒಂದು ಆಧಾರ ದೊರೆಯಿತು. ಮುಂದೆ ಉಳಿತಾಯ ಮತ್ತು ಸಾಲದ ಸಹಕಾರಿ ಸಂಘ, ಆರೋಗ್ಯ ವಿಮೆ, ಮಕ್ಕಳ ಶಿಕ್ಷಣಕ್ಕೆ ನೆರವು ಮೊದಲಾದ ಕಾರ್ಯಗಳನ್ನು ಕೈಗೊಳ್ಳಲಾಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಾಗಿ 2001ರಲ್ಲಿ ಸಿದ್ಧಪಡಿಸಲಾದ ಅಧ್ಯಯನವೊಂದು, ಪ್ರತಿಯೊಬ್ಬ ಚಿಂದಿ ಆಯುವ ಕಾರ್ಮಿಕಳೂ ತಿಂಗಳಿಗೆ ರೂ. 246ರಷ್ಟು ಮೌಲ್ಯದ ದುಡಿಮೆಯನ್ನು ನಗರಕ್ಕೆ ಸಂಬಳವಿಲ್ಲದೆ ಸಲ್ಲಿಸುತ್ತಿದ್ದಾಳೆಂದು ಲೆಕ್ಕಹಾಕಿತು.

ಸಹಕಾರಿ ಸಂಸ್ಥೆಯ ಮೂಲಕ ಸೇವೆ

ಕೇಂದ್ರ ಸರ್ಕಾರವು 2000ನೇ ಇಸವಿಯಲ್ಲಿ ಹೊರಡಿಸಿದ ನಗರ ಘನತ್ಯಾಜ್ಯ ನಿಯಮಗಳು ಮನೆಮನೆಯಿಂದ ಕಸ ಸಂಗ್ರಹಿಸುವ ಹೊಣೆಯನ್ನು ನಗರಸಭೆಗಳಿಗೆ ವಹಿಸಿದವು. ಈ ಕಾರ್ಯವನ್ನು ಕೇವಲ ವಾಹನಗಳ ಗುತ್ತಿಗೆದಾರರಿಗೆ ವಹಿಸಿದ್ದಲ್ಲಿ, ಅದುವರೆಗೆ ಕಸ ಆಯ್ದು ಬದುಕುತ್ತಿದ್ದವರ ಜೀವನೋಪಾಯವೇ ಕೈಬಿಟ್ಟುಹೋಗುವ ಸಂಭವವಿತ್ತು. ಪುಣೆಯಲ್ಲಿ ಆ ಕೆಲಸವನ್ನು ಅದೇ ಮಹಿಳೆಯರಿಗೆ ವಹಿಸುವ ಮಾರ್ಗವನ್ನು ಆರಿಸಿಕೊಳ್ಳಲಾಯಿತು. 2005–06ರ ಪ್ರಾಯೋಗಿಕ ಯೋಜನೆಯ ಬಳಿಕ ಕಾರ್ಮಿಕರೇ ಒಡೆಯರಾಗಿರುವ ‘ಸ್ವಚ್ಛ’ ಸೇವಾ ಸಹಕಾರಿ ಸಂಸ್ಥೆಯು ರೂಪುಗೊಂಡಿತು. 2008ರಲ್ಲಿ ಮಹಾನಗರಪಾಲಿಕೆಯು ಅದರೊಡನೆ ಐದು ವರ್ಷಗಳ ಒಪ್ಪಂದ ಮಾಡಿಕೊಂಡಿತು.

ವ್ಯವಸ್ಥೆಯು ಸರಳವಾಗಿದೆ. ಸದಸ್ಯರು ಜೋಡಿಯಾಗಿ ತಳ್ಳುಗಾಡಿ ಹಿಡಿದು ತಮಗೆ ವಹಿಸಿದ ಮನೆಗಳಿಗೆ ಹೋಗಿ ಹಸಿ ಕಸ ಮತ್ತು ಒಣ ಕಸಗಳನ್ನು ಬೇರೆಬೇರೆಯಾಗಿ ಪಡೆಯುತ್ತಾರೆ. ಮನೆಯವರು ತಿಂಗಳಿಗೊಮ್ಮೆ ನಿಗದಿತ ಶುಲ್ಕ ನೀಡುತ್ತಾರೆ. ಒಣ ಕಸವನ್ನು ಮತ್ತಷ್ಟು ವಿಂಗಡಿಸಿ ಮಾರಿ ಬರುವ ಹಣವೂ ಸದಸ್ಯರಿಗೇ ಸಲ್ಲುತ್ತದೆ. ಹಸಿ ಕಸವನ್ನು ಪಾಲಿಕೆಯ ವಾಹನಗಳಿಗೆ ಒಪ್ಪಿಸಲಾಗುತ್ತದೆ. ಕೆಲವು ವಸತಿ ಸಂಕೀರ್ಣಗಳಲ್ಲಿ ಸದಸ್ಯರೇ ಅದನ್ನು ಸ್ಥಳದಲ್ಲಿಯೇ ಗೊಬ್ಬರವಾಗಿಸುತ್ತಾರೆ. ಮೂರು ಸಾವಿರಕ್ಕೂ ಹೆಚ್ಚು ಸದಸ್ಯರನ್ನು ಹೊಂದಿ ಬೆಳೆದ ಈ ಸಂಸ್ಥೆಯು ಹಳೆಯ ಬಟ್ಟೆ, ಪೀಠೋಪಕರಣ, ವಿದ್ಯುನ್ಮಾನ ವಸ್ತುಗಳ ಸಂಗ್ರಹಣೆಯನ್ನೂ ಕೈಗೊಂಡಿತು. ಗಣೇಶ ವಿಸರ್ಜನೆಯ ದಿನಗಳಲ್ಲಿ ನದಿಯ ಘಟ್ಟಗಳಲ್ಲಿ ನಿಂತು, ಹೂವು ಪತ್ರೆಗಳ ನಿರ್ಮಾಲ್ಯವು ನೀರಿಗೆ ಬೀಳದಂತೆ ಸಂಗ್ರಹಿಸುವ ಕಾರ್ಯವನ್ನೂ ಸದಸ್ಯರು ನಡೆಸಿದ್ದಾರೆ.

ಎದುರಾದ ತೊಡಕುಗಳು

ಈ ಹಾದಿಯು ಸುಗಮವಾಗಿರಲಿಲ್ಲ. ಶುಲ್ಕ ನೀಡಲು ಒಪ್ಪದ ಮನೆಗಳು, ವಿಂಗಡಿಸದೆ ಕಸ ಕೊಡುವ ಮನೆಗಳು ಕಡಿಮೆಯೇನಲ್ಲ. 2013ರಲ್ಲಿ ಒಪ್ಪಂದದ ಮೊದಲ ಅವಧಿ ಮುಗಿದ ನಂತರವೂ, 2020–21ರಲ್ಲಿಯೂ ಒಪ್ಪಂದದ ಮುಂದುವರಿಕೆಯ ಬಗ್ಗೆ ಅನಿಶ್ಚಿತತೆ ಉಂಟಾಗಿ ಸಾವಿರಾರು ಕುಟುಂಬಗಳು ಆತಂಕದಲ್ಲಿ ದಿನ ಕಳೆಯಬೇಕಾಯಿತು.

ಬಳಸಿದ ಸ್ಯಾನಿಟರಿ ನ್ಯಾಪ್‌ಕಿನ್‌ಗಳನ್ನು ಬರಿಗೈಯಿಂದ ಬೇರ್ಪಡಿಸಬೇಕಾಗಿ ಬರುವುದು ಸದಸ್ಯರಿಗೆ ಅತ್ಯಂತ ನೋವಿನ ಸಂಗತಿಯಾಗಿತ್ತು. 2013ರಲ್ಲಿ ಅವರು ಅಂತಹ ನ್ಯಾಪ್‌ಕಿನ್‌ಗಳನ್ನು ಚೀಲಗಳಲ್ಲಿ ತುಂಬಿ ತಯಾರಕ ಕಂಪನಿಗಳಿಗೇ ಹಿಂದಕ್ಕೆ ಕಳುಹಿಸಿ, ಉತ್ಪಾದಕರ ಹೊಣೆಯನ್ನು ನೆನಪಿಸಿದರು. ನ್ಯಾಪ್‌ಕಿನ್ ಸುತ್ತಿಡಲು ತಯಾರಕರೇ ಹೊದಿಕೆ ಒದಗಿಸಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ವಿಧಿಸಿದವು. ಚಿಂದಿ ಆಯುವವರನ್ನು ನಗರದ ಕಸ ನಿರ್ವಹಣಾ ವ್ಯವಸ್ಥೆಯಲ್ಲಿ ಸೇರಿಸಿಕೊಳ್ಳಬೇಕೆಂಬುದನ್ನೂ ಅದೇ ನಿಯಮಗಳು ಸ್ಪಷ್ಟಪಡಿಸಿದವು.

ಬೆರೆತ ಕಸದ ಬೆಲೆಯನ್ನು ತೆರುವವರು

ನಗರದಲ್ಲಿ ವಿಂಗಡಣೆಯಾಗದೆ ಉಳಿದ ಕಸವು ಸಮೀಪದ ಹಳ್ಳಿಗಳ ಪಾಲಾಗುತ್ತದೆ. ಪುಣೆಯ ಕಸವನ್ನು ದಶಕಗಳ ಕಾಲ ನಗರದ ಪೂರ್ವಕ್ಕಿರುವ ಉರುಳಿ ದೇವಾಚಿ ಮತ್ತು ಫುರಸುಂಗಿ ಗ್ರಾಮಗಳ ಬಳಿ ಸುರಿಯಲಾಯಿತು. ಅಲ್ಲಿನ ಅಂತರ್ಜಲವು ಕೆಟ್ಟು, ಗ್ರಾಮಸ್ಥರು ಕುಡಿಯುವ ನೀರಿಗೆ ಟ್ಯಾಂಕರುಗಳನ್ನು ಅವಲಂಬಿಸಬೇಕಾಯಿತು. 2017ರಲ್ಲಿ ಕಸದ ರಾಶಿಗೆ ಬೆಂಕಿ ತಗುಲಿದಾಗ ಗ್ರಾಮಸ್ಥರು ಕಸದ ಲಾರಿಗಳನ್ನು ತಡೆದು ಪ್ರತಿಭಟಿಸಿದರು. ಬೆಂಗಳೂರಿನ ಹೊರವಲಯದ ಮಾವಳ್ಳಿಪುರ ಮತ್ತು ಮಂಡೂರಿನ ಜನತೆಯ ಅನುಭವವೂ ಇದಕ್ಕಿಂತ ಭಿನ್ನವಾಗಿರಲಿಲ್ಲ.

ಹಸಿ ಕಸವು ಗಾಳಿಯಾಡದ ರಾಶಿಯಲ್ಲಿ ಹೂತುಹೋದಾಗ ಮಿಥೇನ್ ಅನಿಲ ಹುಟ್ಟುತ್ತದೆ. ಇದು ಬೆಂಕಿಗೆ ಆಹಾರವಾಗುವುದಲ್ಲದೆ ಭೂಮಿಯ ತಾಪಮಾನವನ್ನೂ ಹೆಚ್ಚಿಸುತ್ತದೆ. ರಾಶಿಯಿಂದ ಒಸರುವ ಕಪ್ಪು ದ್ರವವು ಬಾವಿಗಳನ್ನು ಸೇರುತ್ತದೆ. ಗಾಳಿ ಮತ್ತು ತೇವಾಂಶಗಳು ಹಿತಮಿತವಾಗಿರುವೆಡೆ ಅದೇ ಹಸಿ ಕಸವು ಕೆಲವೇ ತಿಂಗಳುಗಳಲ್ಲಿ ಉತ್ತಮ ಗೊಬ್ಬರವಾಗುತ್ತದೆ.

ಮಣ್ಣಿಗೆ ಮರಳುವ ಕಸ

ಸಗಣಿ, ಸೊಪ್ಪು, ಬೂದಿ, ಕಸಕಡ್ಡಿಗಳನ್ನು ತಿಪ್ಪೆಗೆ ಹಾಕಿ, ಮಳೆಗಾಲಕ್ಕೆ ಮುನ್ನ ಹೊಲಕ್ಕೆ ಸಾಗಿಸುವ ಪದ್ಧತಿಯು ನಮ್ಮ ರೈತರಿಗೆ ಹೊಸದಲ್ಲ. ನಗರದ ಕಾಂಪೋಸ್ಟ್ ತೊಟ್ಟಿಯು ಆ ತಿಪ್ಪೆಯ ಚಿಕ್ಕ ರೂಪವೇ ಆಗಿದೆ. ಅಡಿಗೆಮನೆಯ ಹಸಿ ಕಸದಲ್ಲಿ ಸಾರಜನಕವೂ, ಒಣ ಎಲೆ ಹಾಗೂ ಮರದ ಹೊಟ್ಟಿನಲ್ಲಿ ಇಂಗಾಲವೂ ಅಧಿಕವಾಗಿರುತ್ತವೆ. ಇವೆರಡನ್ನೂ ಪದರಪದರವಾಗಿ ಬೆರೆಸಿದಾಗ ಸೂಕ್ಷ್ಮಜೀವಿಗಳು ಚುರುಕಾಗಿ ಕೆಲಸ ಮಾಡಿ ರಾಶಿಯು ಬಿಸಿಯಾಗುತ್ತದೆ. ಆ ಬಿಸಿಗೆ ಅನೇಕ ರೋಗಾಣುಗಳೂ ಕಳೆಬೀಜಗಳೂ ನಾಶವಾಗುತ್ತವೆ. ಗೊಬ್ಬರವು ಪಕ್ವವಾದಾಗ ಕಪ್ಪಾಗಿ, ಪುಡಿಪುಡಿಯಾಗಿ, ಮೊದಲ ಮಳೆಗೆ ನೆನೆದ ಮಣ್ಣಿನ ವಾಸನೆ ಬೀರುತ್ತದೆ. ಇದನ್ನು ಸೇರಿಸಿದ ಮಣ್ಣು ನೀರನ್ನು ಹೆಚ್ಚು ಕಾಲ ಹಿಡಿದಿಟ್ಟುಕೊಳ್ಳುತ್ತದೆ.

ಕರ್ನಾಟಕದಲ್ಲಿ

ಪುಣೆಯ ಅನುಭವವು ಕರ್ನಾಟಕಕ್ಕೂ ತಲುಪಿದೆ. ಪುಣೆಯ ಸಂಘವನ್ನು ಕಟ್ಟಿದವರಲ್ಲಿ ಒಬ್ಬರಾದ ನಳಿನಿ ಶೇಖರ್ ಅವರು ಮುಂದೆ ಬೆಂಗಳೂರಿನಲ್ಲಿ ‘ಹಸಿರು ದಳ’ ಸಂಸ್ಥೆಯ ಸ್ಥಾಪನೆಯಲ್ಲಿ ಪಾತ್ರವಹಿಸಿದರು. 2011ರಿಂದ ಬೆಂಗಳೂರಿನಲ್ಲಿಯೂ ಚಿಂದಿ ಆಯುವವರಿಗೆ ಗುರುತಿನ ಚೀಟಿಗಳನ್ನು ವಿತರಿಸಲಾಯಿತು. ಒಣ ಕಸ ಸಂಗ್ರಹಣಾ ಕೇಂದ್ರಗಳ ನಿರ್ವಹಣೆಯಲ್ಲಿ ಅವರಿಗೆ ಅವಕಾಶ ದೊರೆಯಿತು.

ನಾಗರಿಕರು ಮಾಡಬಹುದಾದುದು

ಪ್ರತಿ ಮನೆಯಲ್ಲಿ ಹಸಿ ಕಸಕ್ಕೊಂದು, ಒಣ ಕಸಕ್ಕೊಂದು ಬುಟ್ಟಿ ಇರಬೇಕು. ಸ್ಯಾನಿಟರಿ ನ್ಯಾಪ್‌ಕಿನ್, ಮಕ್ಕಳ ಡೈಪರ್‌ಗಳನ್ನು ಕಾಗದದಲ್ಲಿ ಸುತ್ತಿ, ಕೆಂಪು ಗುರುತು ಹಾಕಿ ಪ್ರತ್ಯೇಕವಾಗಿ ನೀಡಬೇಕು. ಒಡೆದ ಗಾಜು, ಬ್ಲೇಡು, ಸೂಜಿಗಳನ್ನು ದಪ್ಪ ಕಾಗದದಲ್ಲಿ ಭದ್ರವಾಗಿ ಸುತ್ತಿ, ಹೇಳಿ ಕೊಡಬೇಕು. ಹಾಲಿನ ಪ್ಯಾಕೆಟ್ಟನ್ನು ತೊಳೆದು ಒಣಗಿಸಿ ಕೊಟ್ಟಲ್ಲಿ ಅದು ಮರುಬಳಕೆಗೆ ಯೋಗ್ಯವಾಗುತ್ತದೆ. ಬಟ್ಟೆಯ ಚೀಲ ಒಯ್ಯುವುದು, ಹಾಳಾದ ವಸ್ತುವನ್ನು ದುರಸ್ತಿ ಮಾಡಿಸುವುದು ಮುಂತಾದ ರೂಢಿಗಳಿಂದ ಕಸ ಹುಟ್ಟುವುದನ್ನೇ ತಡೆಯಬಹುದು. ಅಂಗಳ, ತಾರಸಿ ಅಥವಾ ಬಾಲ್ಕನಿಯಲ್ಲಿ ಸ್ಥಳವಿದ್ದವರು ಹಸಿ ಕಸವನ್ನು ತಾವೇ ಗೊಬ್ಬರವಾಗಿಸಬಹುದು.

ಬುಟ್ಟಿಯಲ್ಲಿ ಕಸವನ್ನು ಬೇರ್ಪಡಿಸಲು ಮನೆಯವರಿಗೆ ತಗಲುವ ಕಾಲ ಕೆಲವೇ ಕ್ಷಣಗಳು. ಆ ಕ್ಷಣಗಳನ್ನು ಉಳಿಸಿಕೊಂಡಲ್ಲಿ, ಅದೇ ಕಸವನ್ನು ಬೇರ್ಪಡಿಸಲು ಮತ್ತೊಬ್ಬ ಮಹಿಳೆಯು ಕೊಳೆಯೊಳಗೆ ಕೈಹಾಕಬೇಕಾಗುತ್ತದೆ. ಇಲ್ಲವೇ ದೂರದ ಹಳ್ಳಿಯ ಬಾವಿಯು ಅದರ ಫಲವನ್ನು ಉಣ್ಣಬೇಕಾಗುತ್ತದೆ. ನಗರದ ನೈರ್ಮಲ್ಯ, ದುಡಿಯುವವರ ಘನತೆ, ಮಣ್ಣಿನ ಫಲವತ್ತತೆ ಈ ಮೂರೂ ಮನೆಬಾಗಿಲಿನ ಎರಡು ಬುಟ್ಟಿಗಳನ್ನು ಅವಲಂಬಿಸಿವೆ ಎಂಬುದನ್ನು ಪುಣೆಯ ಮಹಿಳೆಯರು ತಮ್ಮ ದುಡಿಮೆಯಿಂದ ತೋರಿಸಿಕೊಟ್ಟಿದ್ದಾರೆ.