ತನಿ ಬಂದಾಗ ಎದ್ದು ಹೋಗಬೇಡಿ

ಕರ್ನಾಟಕ ಸಂಗೀತದ ಕಛೇರಿಗೆ ಮೊದಲ ಸಲ ಹೊರಡುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ರಾಗ ಗೊತ್ತಿಲ್ಲದಿದ್ದರೂ ಹೋಗಬಹುದೆ? ಚಪ್ಪಾಳೆ ಯಾವಾಗ ತಟ್ಟಬೇಕು? ನಡುವೆ ಎದ್ದು ಹೊರಗೆ ಹೋಗಬಹುದೆ? ಮೊದಲನೆಯದಕ್ಕೆ ಉತ್ತರ, ಧಾರಾಳವಾಗಿ ಹೋಗಿ. ಎರಡನೆಯದು ಅರ್ಧ ಗಂಟೆ ಕುಳಿತರೆ ತಾನಾಗಿ ತಿಳಿಯುತ್ತದೆ. ಮೂರನೆಯದನ್ನು ಬಿಡಿಸಿ ಹೇಳಬೇಕು. ಏಕೆಂದರೆ ನಮ್ಮ ಸಭೆಗಳಲ್ಲಿ ಅತಿ ಹೆಚ್ಚು ಜನ ಎದ್ದು ಹೋಗುವ ಹೊತ್ತು ಯಾವುದೋ, ಕಛೇರಿಯಲ್ಲಿ ಕೇಳುಗನಿಗೆ ಅತಿ ಹೆಚ್ಚು ಕೆಲಸವಿರುವ ಹೊತ್ತೂ ಅದೇ.

ಎಲ್ಲಿಗೆ, ಯಾವಾಗ

ಬೆಂಗಳೂರಿನಲ್ಲಿರುವವರಿಗೆ ಆಯ್ಕೆಗೆ ಕೊರತೆಯಿಲ್ಲ. ಕೆ.ಆರ್. ರಸ್ತೆಯ ಗಾಯನ ಸಮಾಜ 1905ರಲ್ಲಿ ಹುಟ್ಟಿದ ಸಭೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿ ಪ್ರತಿ ರಾಮನವಮಿಗೆ ಚಪ್ಪರ ಹಾಕಿಸಿ ನಡೆಸುವ ಉತ್ಸವದ ಬೇರು 1939ರಲ್ಲಿದೆ. ವೈಯಾಲಿಕಾವಲಿನ ಚೌಡಯ್ಯ ಸ್ಮಾರಕ ಭವನ ಪಿಟೀಲಿನ ಆಕಾರದಲ್ಲಿ ಕಟ್ಟಿ 1980ರಲ್ಲಿ ತೆರೆದದ್ದು. ಧ್ವನಿವರ್ಧಕ ಇಲ್ಲದ ಸಭೆಗಳಲ್ಲಿ ಕೊನೆಯ ಸಾಲಿಗೂ ನಾದ ಮುಟ್ಟಲೆಂದು ಪಿಟೀಲಿನ ನಾಲ್ಕು ತಂತಿಗಳನ್ನು ಏಳಕ್ಕೆ ಏರಿಸಿದವರು ಮೈಸೂರು ಟಿ. ಚೌಡಯ್ಯನವರು, ಭವನ ಅವರ ನೆನಪಿನದು. ಮೈಸೂರಿನವರಿಗೆ ಕುವೆಂಪುನಗರದ ಗಾನಭಾರತಿ ಇದೆ, ಒಂಟಿಕೊಪ್ಪಲು ಎಂಟನೇ ಕ್ರಾಸಿನ ಗಣೇಶೋತ್ಸವವಿದೆ.

ಹಬ್ಬದ ಚಪ್ಪರಗಳಲ್ಲಿ ಹಲವು ಕಡೆ ಪ್ರವೇಶ ಉಚಿತ; ಮುಂದಿನ ಸಾಲುಗಳು ದಾನಿಗಳಿಗೆ, ಸದಸ್ಯರಿಗೆ ಮೀಸಲಾಗಿರಬಹುದು. ಆಹ್ವಾನ ಪತ್ರಿಕೆಯನ್ನು ಪೂರ್ತಿ ಓದಿ. ಅಂದು ಸನ್ಮಾನವೋ ಉದ್ಘಾಟನೆಯೋ ಇದ್ದರೆ ಹಾಡು ತಡವಾಗಿ ಶುರುವಾದೀತು. ಇಲ್ಲವಾದರೆ ಹೇಳಿದ ಹೊತ್ತಿಗೆ ಹತ್ತು ನಿಮಿಷ ಮೊದಲೇ ಕುಳಿತಿರಿ. ತಂಬೂರಿ ಶ್ರುತಿ ಸೇರುವುದನ್ನು ಕೇಳಿದ ಕಿವಿಗೆ ಮುಂದಿನದೆಲ್ಲ ಸುಲಭ.

ಹೊರಡುವ ಮುನ್ನ

ಉಡುಪಿಗೆ ಕಟ್ಟಳೆಯಿಲ್ಲ, ಎರಡೂವರೆ ಗಂಟೆ ಹಾಯಾಗಿ ಕೂರುವಂತಿದ್ದರೆ ಸಾಕು. ಹವಾನಿಯಂತ್ರಿತ ಸಭಾಂಗಣಕ್ಕೆ ಒಂದು ಶಾಲು ಇರಲಿ. ಸರಸರ ಸದ್ದು ಮಾಡುವ ಪ್ಲಾಸ್ಟಿಕ್ ಚೀಲ ಬೇಡ. ಮೊಬೈಲನ್ನು ಮೌನಕ್ಕೆ ಹಾಕಿದರಷ್ಟೇ ಸಾಲದು, ಜೇಬಿನಲ್ಲಿಡಿ. ಕತ್ತಲಲ್ಲಿ ಅದರ ಬೆಳಕು ಹಿಂದಿನ ಮೂರು ಸಾಲಿನವರ ಕಣ್ಣು ಚುಚ್ಚುತ್ತದೆ. ಅನುಮತಿಯಿಲ್ಲದೆ ಧ್ವನಿಮುದ್ರಣ ಮಾಡಬೇಡಿ. ತಡವಾಗಿ ಬಂದರೆ ಬಾಗಿಲ ಬಳಿ ನಿಂತು ನಡೆಯುತ್ತಿರುವ ಕೃತಿ ಮುಗಿದ ಮೇಲೆ ಒಳಗೆ ಬನ್ನಿ. ಮಕ್ಕಳೊಂದಿಗೆ ಬಂದವರು ಅಂಚಿನ ಆಸನ ಹಿಡಿಯುವುದು ಒಳ್ಳೆಯದು.

ಆಸನದ ವಿಷಯದಲ್ಲಿ ಇನ್ನೊಂದು ಮಾತು. ಗಾಯಕರು ನಡುವೆ ಕೂರುತ್ತಾರೆ. ಸಾಮಾನ್ಯವಾಗಿ ಅವರ ಎಡಕ್ಕೆ ಪಿಟೀಲು, ಬಲಕ್ಕೆ ಮೃದಂಗ. ಎದುರಿಗೆ ಕುಳಿತ ನಮಗೆ ಮೃದಂಗ ಎಡಗಡೆ ಕಾಣುತ್ತದೆ, ಅದರ ಬಲಮುಖ, ಎಂದರೆ ಕರಣೆಯ ಕಪ್ಪು ವೃತ್ತವಿರುವ ಕಡೆ, ನಮ್ಮತ್ತ ತಿರುಗಿರುತ್ತದೆ. ಪಳನಿ ಸುಬ್ರಮಣ್ಯ ಪಿಳ್ಳೆಯವರಂಥ ಎಡಗೈ ವಾದಕರಾದರೆ ಆ ಮುಖ ನಮ್ಮ ಕಡೆಗೇ ಬರಲೆಂದು ಆಚೆ ಬದಿಗೆ ಕೂರುತ್ತಾರೆ. ನಿಮಗೆ ಆಯ್ಕೆಯಿದ್ದರೆ ಗಾಯಕರ ತೊಡೆಯ ಮೇಲಿನ ಕೈ ಚೆನ್ನಾಗಿ ಕಾಣುವ ಜಾಗ ಹಿಡಿಯಿರಿ. ಕಾರಣ ಮುಂದೆ ಬರುತ್ತದೆ.

ಕಛೇರಿಯ ಕಟ್ಟು

ಇಂದಿನ ಕಛೇರಿಯ ಕ್ರಮವನ್ನು ನೆಲೆಗೊಳಿಸಿದ ಹಿರಿಮೆ ಅರಿಯಕ್ಕುಡಿ ರಾಮಾನುಜ ಅಯ್ಯಂಗಾರರಿಗೆ (1890–1967) ಸಲ್ಲುತ್ತದೆ. ಮೊದಲಿಗೆ ಹೆಚ್ಚಾಗಿ ಒಂದು ವರ್ಣ, ಬಳಿಕ ಚುರುಕಾದ ಕೆಲವು ಕೃತಿಗಳು, ನಡುವೆ ಒಂದೆರಡಕ್ಕೆ ರಾಗಾಲಾಪನೆ. ಸುಮಾರು ಅರ್ಧ ದಾರಿ ಕಳೆದ ಮೇಲೆ ಆ ದಿನದ ಪ್ರಧಾನ ಕೃತಿ. ಅದಕ್ಕೆ ದೀರ್ಘ ಆಲಾಪನೆ, ಸಾಹಿತ್ಯದ ಒಂದು ಸಾಲನ್ನು ಹಿಡಿದು ಮಾಡುವ ನೆರವಲು, ಸ್ವರಗಳನ್ನು ಆಶುವಾಗಿ ಹೆಣೆಯುವ ಕಲ್ಪನಾಸ್ವರ, ಕೊನೆಗೆ ತಾಳವಾದ್ಯಗಳು ಮಾತ್ರ ನುಡಿಸುವ ತನಿ ಆವರ್ತನ. ಆಮೇಲೆ ದೇವರನಾಮ, ಜಾವಳಿ, ತಿಲ್ಲಾನಗಳಂಥ ಚಿಕ್ಕ ರಚನೆಗಳು, ಮಂಗಳ. ಕೆಲವು ದಿನ ಪ್ರಧಾನ ಕೃತಿಯ ಜಾಗದಲ್ಲೋ ಅದರ ಜೊತೆಗೋ ರಾಗ-ತಾನ-ಪಲ್ಲವಿ ಇರುತ್ತದೆ.

ಆಲಾಪನೆ ಮುಗಿದಾಗ, ಪಿಟೀಲಿನವರು ಅದಕ್ಕೆ ಉತ್ತರ ಕೊಟ್ಟು ನಿಲ್ಲಿಸಿದಾಗ, ಕೃತಿ ಮುಗಿದಾಗ ಚಪ್ಪಾಳೆ ಬೀಳುತ್ತದೆ. ನಡುವೆ ಒಂದು ಸಂಗತಿ ಮನಸ್ಸಿಗೆ ತಾಕಿದರೆ ತಲೆದೂಗಬಹುದು, ಮೆಲ್ಲಗೆ "ಭೇಷ್" ಎನ್ನಬಹುದು. ಇಷ್ಟದ ಹಾಡನ್ನು ಚೀಟಿಯಲ್ಲಿ ಬರೆದು ಕಳಿಸುವ ರೂಢಿ ಹಲವು ಸಭೆಗಳಲ್ಲಿದೆ. ಎರಡು ಕೃತಿಗಳ ನಡುವೆ ಕಳಿಸಿ, ಚಿಕ್ಕ ರಚನೆಯನ್ನೇ ಕೇಳಿ.

ತನಿ ಎಂದರೆ ಬಿಡುವಲ್ಲ

ಕಲ್ಪನಾಸ್ವರದ ಏರು ಮುಗಿಯುತ್ತದೆ, ಗಾಯಕರು ಮೃದಂಗದತ್ತ ತಿರುಗುತ್ತಾರೆ, ಹಾಡೂ ಪಿಟೀಲೂ ನಿಲ್ಲುತ್ತವೆ. ಅದೇ ಕ್ಷಣಕ್ಕೆ ಸಭೆಯ ಅರ್ಧ ಭಾಗ ಏಳುತ್ತದೆ. ಕ್ಯಾಂಟೀನಿನಲ್ಲಿ ಕಾಫಿಗೆ ಸಾಲು, ವರಾಂಡದಲ್ಲಿ ಮಾತು. "ಹಾಡು ನಿಂತಿತಲ್ಲ, ಇನ್ನು ಹತ್ತು ಹದಿನೈದು ನಿಮಿಷ ಬರೀ ತಾಳವಾದ್ಯ" ಎಂಬ ಭಾವನೆ.

ಹಾಡು ನಿಂತಿರುವುದು ನಿಜ, ಕೃತಿ ಮುಗಿದಿಲ್ಲ. ಆ ಕೃತಿಯ ತಾಳಚಕ್ರ ಒಂದು ಎಣಿಕೆಯೂ ತಪ್ಪದೆ ಸುತ್ತುತ್ತಲೇ ಇರುತ್ತದೆ. ತನಿಯ ಕೊನೆಯ ಪೆಟ್ಟು ಬಿದ್ದ ಜಾಗದಲ್ಲೇ ಗಾಯಕರು ಸಾಹಿತ್ಯದ ಸಾಲನ್ನು ಮತ್ತೆ ಎತ್ತಿಕೊಳ್ಳುತ್ತಾರೆ. ಎದ್ದು ಹೋದವರು ಹಾಡಿನ ನಡುವೆಯೇ ಎದ್ದು ಹೋಗಿದ್ದಾರೆ.

ಅವರ ಮೇಲೆ ಸಿಟ್ಟಾಗುವುದರಲ್ಲಿ ಅರ್ಥವಿಲ್ಲ. ತನಿಯಲ್ಲಿ ಏನನ್ನು ಕೇಳಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಹೊಸಬರ ತೊಡಕನ್ನು ಬಿಡಿಸುತ್ತಾ ಹೋದರೆ ಬುಡದಲ್ಲಿ ಸಿಗುವುದು ಒಂದೇ ತಪ್ಪು ತಿಳಿವಳಿಕೆ: ತಾಳ ಮೃದಂಗದಲ್ಲಿದೆ ಎಂದುಕೊಳ್ಳುವುದು.

ತಾಳ ಇರುವುದು ಕೈಯಲ್ಲಿ

ಸಿನಿಮಾ ಹಾಡಿನಲ್ಲಿ, ಭಜನೆಯಲ್ಲಿ ತಾಳವಾದ್ಯ ಪೆಟ್ಟನ್ನು ತೋರಿಸಿಕೊಡುತ್ತದೆ. ನಾವು ಅದಕ್ಕೆ ಕಾಲು ಕುಣಿಸುತ್ತೇವೆ. ಆ ಅಭ್ಯಾಸದಲ್ಲೇ ತನಿಗೆ ಕಿವಿಗೊಟ್ಟರೆ ಒಂದು ನಿಮಿಷದಲ್ಲಿ ದಾರಿ ತಪ್ಪುತ್ತದೆ. ಏಕೆಂದರೆ ಇಲ್ಲಿ ಮೃದಂಗ ಪೆಟ್ಟನ್ನು ತೋರಿಸುವುದಿಲ್ಲ. ಪೆಟ್ಟಿನ ಹಿಂದೆ, ಮುಂದೆ, ಅಡ್ಡಡ್ಡ ಓಡಾಡುತ್ತದೆ. ಪೆಟ್ಟನ್ನು ಹಿಡಿದಿಟ್ಟಿರುವುದು ಗಾಯಕರ ಕೈ. ತನಿಯುದ್ದಕ್ಕೂ ಗಾಯಕರು ತೊಡೆಯ ಮೇಲೆ ತಾಳ ಹಾಕುತ್ತಲೇ ಇರುವುದು ಅದಕ್ಕಾಗಿ. ಮೃದಂಗದ ನುಡಿಕಾರ, ಎಂದರೆ ಅದು ನುಡಿಸುವ ಪೆಟ್ಟುಗಳ ಹೆಣಿಗೆ, ಗಾಳಿಪಟವಾದರೆ ಆ ಕೈ ಅದರ ದಾರ. ದಾರ ಕಾಣದವನಿಗೆ ಪಟ ಎತ್ತೆತ್ತಲೋ ಹಾರಿದಂತೆ ತೋರುತ್ತದೆ.

ಆದ್ದರಿಂದ ಆ ಕೈಯನ್ನು ನೋಡಿ, ನಿಮ್ಮ ಕೈಯನ್ನೂ ಅದರೊಂದಿಗೆ ಸೇರಿಸಿ. ಪ್ರಧಾನ ಕೃತಿ ಬಹಳ ಸಲ ಆದಿ ತಾಳದಲ್ಲಿರುತ್ತದೆ. ಅದು ಎಂಟು ಎಣಿಕೆ. ಅಂಗೈಯಿಂದ ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು: ನಾಲ್ಕಾಯಿತು. ಮತ್ತೆ ಒಂದು ಪೆಟ್ಟು, ಅಂಗೈ ಮಗುಚುವ ಒಂದು ಹುಸಿ. ಇನ್ನೊಮ್ಮೆ ಪೆಟ್ಟು, ಹುಸಿ: ಎಂಟಾಯಿತು. ಮೊದಲ ಪೆಟ್ಟೇ ಸಮ. ನಿಧಾನಗತಿಯ ಕೃತಿಯಾದರೆ ಪ್ರತಿ ಕ್ರಿಯೆಯನ್ನೂ ಎರಡೆರಡು ಸಲ ಮಾಡುತ್ತಾರೆ, ಅದು ಎರಡು ಕಳೆಯ ತಾಳ. ಮಿಶ್ರ ಛಾಪು ಏಳರದು, ಮೂರು ಮತ್ತು ನಾಲ್ಕಾಗಿ ಒಡೆಯುತ್ತದೆ. ಖಂಡ ಛಾಪು ಐದರದು, ಎರಡು ಮತ್ತು ಮೂರಾಗಿ.

ನಿಮ್ಮ ತಾಳ ನಿಮ್ಮ ತೊಡೆಯ ಮೇಲೆ, ಸದ್ದಿಲ್ಲದೆ ಇರಲಿ. ಎಣಿಕೆ ತಪ್ಪಿದರೆ ಗಾಬರಿ ಬೇಡ. ವೇದಿಕೆಯ ಕೈ ಸಮಕ್ಕೆ ಬರುವುದನ್ನು ಕಾದು ಮತ್ತೆ ಸೇರಿಕೊಳ್ಳಿ. ಎಷ್ಟು ಸಲ ತಪ್ಪಿದರೂ ಅಷ್ಟೇ ಸಲ ಸೇರಿಕೊಳ್ಳಲು ದಾರಿಯಿದೆ.

ಹದಿನೇಳು ಮಾತ್ರೆಗಳ ಲೆಕ್ಕ

ಈಗ ನನಗೆ ತುಂಬ ಪ್ರಿಯವಾದ ಭಾಗ. ಒಂದು ಎಣಿಕೆಯನ್ನು ನಾಲ್ಕು ಮಾತ್ರೆಗಳಾಗಿ ಒಡೆಯಿರಿ. ಅದು ಚತುರಶ್ರ ನಡೆ. ಆದಿ ತಾಳದ ಒಂದು ಆವರ್ತದಲ್ಲಿ, ಎಂದರೆ ಒಂದು ಪೂರ್ಣ ಸುತ್ತಿನಲ್ಲಿ, 32 ಮಾತ್ರೆಗಳಾದವು. ಈಗ "ತ ದಿ ಗಿ ಣ ತೊಂ" ಎನ್ನಿ, ಐದು ಮಾತ್ರೆ. ಇದನ್ನು ಮೂರು ಸಲ ಹೇಳಿ, ನಡುನಡುವೆ ಒಂದೊಂದು ಮಾತ್ರೆ ಮೌನ. ಹದಿನೈದಕ್ಕೆ ಎರಡು ಸೇರಿ 17. ಮುಗಿದ ಕೂಡಲೇ ಸಮ ಬೀಳಬೇಕಾದರೆ ಎಲ್ಲಿಂದ ಹೊರಡಬೇಕು? 32ರಲ್ಲಿ 17 ಕಳೆದರೆ 15 ಉಳಿಯಿತು. ಅಂದರೆ 16ನೆಯ ಮಾತ್ರೆಯಿಂದ, ನಾಲ್ಕನೆಯ ಎಣಿಕೆಯಾದ ನಡುಬೆರಳಿನ ಕೊನೆಯ ಕಾಲುಭಾಗದಿಂದ.

ಕೈಯಲ್ಲಿ ತಾಳ ಹಾಕುತ್ತಾ ಬಾಯಲ್ಲಿ ಹೇಳಿ ನೋಡಿ. ಮೂರು "ತೊಂ"ಗಳಲ್ಲಿ ಒಂದೂ ಕೈಯ ಪೆಟ್ಟಿನ ಮೇಲೆ ಬೀಳುವುದಿಲ್ಲ. ಒಳಗೊಳಗೇ ಒಂದು ಎಳೆತ ಬೆಳೆಯುತ್ತದೆ, ಮೂರನೆಯದು ಮುಗಿದು ಅಂಗೈ ಸಮಕ್ಕೆ ತಟ್ಟಿದಾಗ ಅದು ಸಡಿಲಗೊಂಡು ಮೈ ಹಗುರಾಗುತ್ತದೆ. ತಾಳ ಹಾಕದೆ ಕೇಳಿದವರಿಗೆ ಇದೇ ನುಡಿಕಾರ ಮೂರು ಸಲ ಬಂದ ಒಂದು ಸದ್ದು, ಅಷ್ಟೆ. ಇಡೀ ವ್ಯತ್ಯಾಸ ಕೇಳುಗನ ಕೈಯಲ್ಲಿದೆ.

ಇನ್ನೊಂದು ಹೆಜ್ಜೆ ಇಡೋಣ. ಕೃತಿಯ ಸಾಲು ಸಮದಲ್ಲೇ ಶುರುವಾಗಬೇಕೆಂದಿಲ್ಲ. ಎಷ್ಟೋ ಕೃತಿಗಳಲ್ಲಿ ಸಮ ಕಳೆದು ಅರ್ಧ ಎಣಿಕೆ, ಅಂದರೆ ಎರಡು ಮಾತ್ರೆ, ಆದ ಮೇಲೆ ಸಾಹಿತ್ಯ ಎತ್ತಿಕೊಳ್ಳುತ್ತದೆ. ಆ ಜಾಗವೇ ಎಡುಪು. ಆಗ ಮೃದಂಗವೂ ತನ್ನ 17 ಮಾತ್ರೆಗಳನ್ನು 18ನೆಯ ಮಾತ್ರೆಯಿಂದ ಹೊರಡಿಸಬೇಕು. ಕೈ ಸಮ ತಟ್ಟುವಾಗ ನುಡಿಕಾರ ಇನ್ನೂ ನಡೆಯುತ್ತಿರುತ್ತದೆ, ಸಮ ದಾಟಿ ಎಡುಪಿನಲ್ಲಿ ಮುಗಿಯುತ್ತದೆ. ಹೊಸಬರು "ತಾಳ ತಪ್ಪಿತೇನೋ" ಎಂದುಕೊಳ್ಳುವ ಜಾಗ ಇದು. ತಪ್ಪಿಲ್ಲ. ಹಾಡು ಎಲ್ಲಿ ಹುಟ್ಟಿತ್ತೋ ಅಲ್ಲಿಗೇ ಲೆಕ್ಕ ಬಂದು ಸೇರಿದೆ.

ಸುತ್ತು ಚಿಕ್ಕದಾಗುತ್ತಾ

ಇಷ್ಟು ಕೈವಶವಾದರೆ ತನಿಯ ನಕ್ಷೆ ಸುಲಭ. ಮೊದಲು ಮೃದಂಗ ನಿಧಾನವಾಗಿ, ಬಿಡುವು ಕೊಟ್ಟು ನುಡಿಸುತ್ತದೆ. ಘಟವೋ ಖಂಜಿರವೋ ಇದ್ದರೆ ಮುಂದಿನ ಸರದಿ ಅದರದು. ಎರಡನೆಯ ಸರದಿಯಲ್ಲಿ ಹಲವರು ನಡೆ ಬದಲಿಸುತ್ತಾರೆ. ಕೈಯ ವೇಗ ಅದೇ, ಪ್ರತಿ ಎಣಿಕೆಯೊಳಗೆ ನಾಲ್ಕರ ಬದಲು ತಿಶ್ರದ ಮೂರು, ಖಂಡದ ಐದು ಅಥವಾ ಮಿಶ್ರದ ಏಳು ಮಾತ್ರೆ. ಎಂಟು ಎಣಿಕೆಗೆ 32 ಇದ್ದದ್ದು ಖಂಡದಲ್ಲಿ 40, ಮಿಶ್ರದಲ್ಲಿ 56 ಆಗುತ್ತದೆ. ಆಗ ನಿಮ್ಮ ಕೈ ಅಲುಗಾಡದಿದ್ದರೆ ಅದೇ ದೊಡ್ಡ ಸಾಧನೆ.

ಆಮೇಲೆ ಸವಾಲು-ಜವಾಬು. ಒಬ್ಬರು ಒಂದು ಆವರ್ತ ನುಡಿಸಿದರೆ ಇನ್ನೊಬ್ಬರೂ ಅಷ್ಟೇ. ಅದು ಅರ್ಧಕ್ಕೆ, ಕಾಲಿಗೆ, ಕೊನೆಗೆ ಒಂದೊಂದು ಎಣಿಕೆಗೆ ಇಳಿಯುತ್ತದೆ. ಕುರೈಪ್ಪು ಎಂದು ಕರೆಯುವ ಈ ಭಾಗವನ್ನು ಹಿಂಬಾಲಿಸಲು ಶಾಸ್ತ್ರಜ್ಞಾನ ಬೇಡ, ಎಂಟರವರೆಗೆ ಎಣಿಸಲು ಬಂದರೆ ಸಾಕು. ಬಳಿಕ ಎಲ್ಲ ವಾದ್ಯಗಳೂ ಕೂಡಿ ಮೋಹರಾ ಎಂಬ ನುಡಿಕಾರ ಹಿಡಿಯುತ್ತವೆ. ಅದು ಕೇಳಿಸಿತೆಂದರೆ ಕೊನೆ ಹತ್ತಿರ ಬಂದಿದೆ. ಅದರ ಹಿಂದೆಯೇ ಲೆಕ್ಕ ಹಾಕಿ ಹೆಣೆದ ಮುಕ್ತಾಯದ ನುಡಿಕಾರವಾದ ಕೋರ್ವೆ, ಅದನ್ನು ಮೂರು ಸಲ ನುಡಿಸಿ ಎಡುಪಿಗೆ ಒಪ್ಪಿಸುತ್ತಾರೆ. ಒಳ್ಳೆಯ ಕೋರ್ವೆಯ ಸೊಗಸು ಅದರ ಗಣಿತದಲ್ಲಿದೆ. ಐದು, ಆರು, ಏಳು ಎಂದು ಬೆಳೆಸಿದರೂ 18, ಆರನ್ನೇ ಮೂರು ಸಲ ನುಡಿಸಿದರೂ 18. ಮೊತ್ತ ಒಂದೇ, ಕಿವಿಗೆ ಆಗುವ ಅನುಭವ ಬೇರೆ. ಮೊದಲನೆಯದರಲ್ಲಿ ಗುರಿ ದೂರ ಸರಿದಂತೆ, ಎರಡನೆಯದರಲ್ಲಿ ಗುರಿಯತ್ತ ಸಮನಾಗಿ ನಡೆದಂತೆ. ಇಂಥ ಸಣ್ಣ ಲೆಕ್ಕಗಳಿಂದ ಎಷ್ಟು ದೊಡ್ಡ ಸೌಂದರ್ಯ ಕಟ್ಟಬಹುದೆಂಬುದು ನನಗೆ ಎಂದೂ ಹಳತಾಗದ ಅಚ್ಚರಿ.

ತನಿ ಶುರುವಾಗುವ ಮುನ್ನ ಮೃದಂಗದವರು ಕಲ್ಲು ಹಿಡಿದು ಅಂಚನ್ನು ತಟ್ಟುವುದು, ಖಂಜಿರದವರು ಚರ್ಮದ ಒಳಗೆ ನೀರು ಸವರುವುದು ಕಾಣಬಹುದು. ಮೊದಲನೆಯದು ಶ್ರುತಿಯನ್ನು ಸರಿಪಡಿಸಲು, ಎರಡನೆಯದು ತಗ್ಗಿಸಲು. ಅಷ್ಟು ಹೊತ್ತು ಸುಮ್ಮನಿರುವುದು ನಾವು ಕೊಡಬಹುದಾದ ಗೌರವ. ತನಿ ಮುಗಿದಾಗ ಮನಸಾರೆ ಚಪ್ಪಾಳೆ ತಟ್ಟಿ. ಏಳಲೇಬೇಕಾದವರು ಆಮೇಲಿನ ಚಿಕ್ಕ ರಚನೆಗಳ ನಡುವೆ ಏಳಲಿ.

ಮುಂದಿನ ಓದು, ಮುಂದಿನ ಕೇಳ್ಮೆ

ಈ ಅಧ್ಯಾಯವನ್ನು ಒಂದು ಮಾತಿಗೆ ಇಳಿಸಿದರೆ ಇಷ್ಟು: ಬೇಗ ಬನ್ನಿ, ಸದ್ದಿಲ್ಲದೆ ಕೂರಿ, ಕೈ ನೋಡಿ, ತನಿ ಮುಗಿಯುವವರೆಗೆ ಏಳಬೇಡಿ. ಆದರೆ ಇಲ್ಲಿಗೆ ನಿಲ್ಲಬೇಡಿ ಎಂಬುದು ನನ್ನ ಕಳಕಳಿಯ ಬೇಡಿಕೆ. ದಿನಕ್ಕೆ ಐದು ನಿಮಿಷ ಆದಿ ತಾಳ ಹಾಕಿ "ತದಿಗಿಣತೊಂ" ಹೇಳಿಕೊಳ್ಳಿ. ಒಂದೇ ತನಿಯ ಧ್ವನಿಮುದ್ರಿಕೆಯನ್ನು ಮತ್ತೆ ಮತ್ತೆ ಕೇಳಿ. ಮೊದಲ ಸಲ ಸಮ ಮಾತ್ರ, ಆಮೇಲೆ ನಡೆ, ಆಮೇಲೆ ಕೋರ್ವೆ. ಕೈಗಳ ವಾದ್ಯವನ್ನು ಬಾಯಲ್ಲಿ ನುಡಿಸುವ ಕೊನ್ನಕೋಲಿನ ಕಾರ್ಯಕ್ರಮವಿದ್ದರೆ ಬಿಡಬೇಡಿ, ಲೆಕ್ಕ ಅಲ್ಲಿ ಬಿಡಿಬಿಡಿಯಾಗಿ ಕೇಳಿಸುತ್ತದೆ. ಬೆಂಗಳೂರಿನ ಸುಕನ್ಯಾ ರಾಮಗೋಪಾಲ್ ಅವರ ಘಟ ತರಂಗವನ್ನು ಕೇಳಿದರೆ ಮಣ್ಣಿನ ಮಡಕೆಗಳಲ್ಲಿ ಲಯದ ಜೊತೆಗೆ ರಾಗವೂ ಹೊಮ್ಮುವುದು ತಿಳಿಯುತ್ತದೆ. ಹತ್ತಿರದ ಮೃದಂಗ ಪಾಠಶಾಲೆಗೆ ಮಕ್ಕಳನ್ನು ಸೇರಿಸುವ ಯೋಚನೆಯಿದ್ದರೆ ನೀವೂ ಅವರ ಜೊತೆ ಕುಳಿತು ಕಲಿಯಿರಿ. ಲಯ ಕಲಿಯಲು ವಯಸ್ಸಿನ ಮಿತಿಯಿಲ್ಲ.

ಅರ್ಧ ಖಾಲಿಯಾದ ಸಭೆಗೆ ತನಿ ನುಡಿಸುವುದನ್ನು ನಮ್ಮ ವಾದಕರು ಬಹಳ ಕಾಲದಿಂದ ಸಹಿಸಿಕೊಂಡು ಬಂದಿದ್ದಾರೆ. ಆಲಾಪನೆಯಷ್ಟೇ ಸಾಧನೆ ಬೇಡುವ ಕಲೆ ಅದು. ಅದಕ್ಕೆ ತಕ್ಕ ಕೇಳುಗರು ತಾನಾಗಿ ಹುಟ್ಟುವುದಿಲ್ಲ, ಕಲಿತು ಆಗಬೇಕು. ಮುಂದಿನ ಕಛೇರಿಯಲ್ಲಿ ಒಂದು ತನಿಯನ್ನಾದರೂ ಮೊದಲ ಪೆಟ್ಟಿನಿಂದ ಎಡುಪಿನವರೆಗೆ ಕೈಯಲ್ಲಿ ತಾಳ ಹಿಡಿದು ಕೇಳಿ, ಪಕ್ಕದಲ್ಲಿ ಕುಳಿತವರಿಗೂ ಎಂಟು ಎಣಿಕೆ ಹೇಳಿಕೊಡಿ.