ಕಚೇರಿಯ ಗಣಕಜಾಲದಲ್ಲಿ ಎರಡು ಡಿ.ಎಚ್.ಸಿ.ಪಿ. ಸರ್ವರ್‌ಗಳು: ಅರ್ಜಿದಾರರ ಮಾಹಿತಿಗಾಗಿ

ಅರ್ಜಿ ಸಲ್ಲಿಸಲು ಬರುವ ಸಾರ್ವಜನಿಕರು "ಸರ್ವರ್ ಡೌನ್ ಆಗಿದೆ, ನಾಳೆ ಬನ್ನಿ" ಎಂಬ ಉತ್ತರ ಕೇಳಿ ಹಿಂದಿರುಗುವ ಸಂದರ್ಭಗಳುಂಟು. ದಿನಗೂಲಿ ಬಿಟ್ಟು ಬಂದವರಿಗೆ ಇದು ಒಂದು ದಿನದ ಸಂಪಾದನೆಯ ನಷ್ಟ. ಇದಲ್ಲದೆ, ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ಅಡಿಯಲ್ಲಿ ಕಾಲಮಿತಿಯು ಅರ್ಜಿ ಸಲ್ಲಿಕೆಯಾದ ದಿನಾಂಕದಿಂದ ಎಣಿಕೆಯಾಗುವುದರಿಂದ, ಅರ್ಜಿ ದಾಖಲಾಗದೆ ಹಿಂದಿರುಗಿದವರ ಪಾಲಿಗೆ ಗಡುವು ಆರಂಭವಾಗುವುದೇ ಇಲ್ಲ. ಈ ತೊಂದರೆಯ ಕಾರಣ ಎಲ್ಲ ಸಲವೂ ದೂರದ ಮುಖ್ಯ ಸರ್ವರ್ ಆಗಿರುವುದಿಲ್ಲ. ಕಚೇರಿಯೊಳಗಿನ ಒಂದು ಸಣ್ಣ ಸರ್ವರ್ ಕೂಡ ಕಾರಣವಾಗಬಹುದು. ಅದರ ಬಗ್ಗೆ ಹಾಗೂ ಅದಕ್ಕಿರುವ ಪರಿಹಾರದ ಬಗ್ಗೆ ಇಲ್ಲಿ ವಿವರಿಸಲಾಗಿದೆ.

ಜಾಲಕ್ಕೆ ಸೇರುವ ಪ್ರತಿಯೊಂದು ಗಣಕಯಂತ್ರಕ್ಕೂ ಒಂದು ಐ.ಪಿ. ವಿಳಾಸ ಬೇಕು. ಅದನ್ನು ತಾನಾಗಿಯೇ ವಿತರಿಸುವ ವ್ಯವಸ್ಥೆಯೇ ಡಿ.ಎಚ್.ಸಿ.ಪಿ. ಇಂದು ಬಳಕೆಯಲ್ಲಿರುವ ಇದರ ನಿಯಮಾವಳಿ 1997ರಲ್ಲಿ ಪ್ರಕಟವಾದುದು. ಕೌಂಟರಿನ ಯಂತ್ರ ಚಾಲನೆಯಾದೊಡನೆ "ವಿಳಾಸ ಕೊಡುವವರು ಯಾರಿದ್ದೀರಿ" ಎಂದು ಜಾಲಕ್ಕೆಲ್ಲ ಕೇಳುತ್ತದೆ. ಸರ್ವರ್ ಒಂದು ವಿಳಾಸವನ್ನು ಮುಂದಿಡುತ್ತದೆ. ಯಂತ್ರ ಒಪ್ಪಿ ಬೇಡಿಕೆ ಸಲ್ಲಿಸುತ್ತದೆ. ಸರ್ವರ್ ಮಂಜೂರು ಮಾಡುತ್ತದೆ. ಕ್ಷಣಮಾತ್ರದ ಕೆಲಸ.

ಈ ಮಂಜೂರಾತಿ ಶಾಶ್ವತವಲ್ಲ, ಬಾಡಿಗೆ ಕರಾರಿನಂತೆ ಅವಧಿಗೆ ಒಳಪಟ್ಟದ್ದು. ಅವಧಿ 8 ದಿನವೆಂದು ಇಟ್ಟುಕೊಂಡರೆ, 4 ದಿನ ಕಳೆದಾಗ ಯಂತ್ರವು ಅದೇ ಸರ್ವರ್ ಬಳಿ ನವೀಕರಣ ಕೋರುತ್ತದೆ. ಉತ್ತರ ಬಾರದಿದ್ದಲ್ಲಿ 7 ದಿನ ಕಳೆದ ಮೇಲೆ ಯಾವ ಸರ್ವರ್ ಆದರೂ ಸರಿ ಎಂದು ಎಲ್ಲರನ್ನೂ ಕೇಳುತ್ತದೆ. 8 ದಿನ ಮುಗಿದರೆ ವಿಳಾಸ ರದ್ದು. ಆದುದರಿಂದ ಸರ್ವರ್ ಕೆಟ್ಟರೂ ಕೆಲವು ದಿನ ಯಾರಿಗೂ ತಿಳಿಯದೆ ಹೋಗಬಹುದು. ಇದೇ ಇದರ ಅಪಾಯ.

ನಾನು ಹಿಂದೆ ಕೆಲಸ ನಿರ್ವಹಿಸಿದ ಕಚೇರಿಯೊಂದರಲ್ಲಿ ಅವಧಿಯನ್ನು ಒಂದೇ ದಿನಕ್ಕೆ ನಿಗದಿಪಡಿಸಲಾಗಿತ್ತು. ಮೂರು ದಿನಗಳ ರಜೆಯ ನಡುವೆ ಸದರಿ ಸರ್ವರಿನ ಡಿಸ್ಕ್ ಕೆಟ್ಟಿತು. ಕಚೇರಿ ತೆರೆದ ಬೆಳಿಗ್ಗೆ ನಾಲ್ಕು ಕೌಂಟರ್‌ಗಳ ಪೈಕಿ ಮೂರು ಸ್ಥಗಿತ, ಒಂದು ಮಾತ್ರ ಚಾಲ್ತಿ. ಆ ಒಂದಕ್ಕೆ ಯಾರೋ ಕೈಯಿಂದಲೇ ಸ್ಥಿರ ವಿಳಾಸ ನಮೂದಿಸಿದ್ದರು. ಉಳಿದವು 169.254ರಿಂದ ಆರಂಭವಾಗುವ ವಿಳಾಸವನ್ನು ತಮಗೆ ತಾವೇ ಕೊಟ್ಟುಕೊಂಡು ಕುಳಿತಿದ್ದವು. ಅದರಿಂದ ಕಚೇರಿಯ ಹೊರಗೆ ಸಂಪರ್ಕ ಸಾಧ್ಯವಿಲ್ಲ. ಸಾಲಿನಲ್ಲಿದ್ದವರು ಮೂವರು ಗುಮಾಸ್ತರು ಸುಳ್ಳು ಹೇಳುತ್ತಿದ್ದಾರೆಂದೇ ಭಾವಿಸಿದರು. ಅವರನ್ನು ದೂರುವಂತಿಲ್ಲ. ಮುಖ್ಯ ಸರ್ವರ್ ಅಂದು ದಿನವಿಡೀ ಸುಸ್ಥಿತಿಯಲ್ಲಿತ್ತು.

ಪರಿಹಾರ ಎರಡನೆಯ ಸರ್ವರ್. ಆದರೆ ಸುಮ್ಮನೆ ಇನ್ನೊಂದನ್ನು ತಂದಿರಿಸಿದರೆ ಸಾಲದು. ಒಂದೇ ಕ್ರಮಸಂಖ್ಯೆಯ ಟೋಕನ್ ಪುಸ್ತಕವನ್ನು ಇಬ್ಬರು ಗುಮಾಸ್ತರಿಗೆ ಕೊಟ್ಟರೆ 42ನೇ ಟೋಕನ್ ಹಿಡಿದು ಇಬ್ಬರು ಎದ್ದು ನಿಲ್ಲುತ್ತಾರೆ. ಜಾಲದಲ್ಲಿಯೂ ಹಾಗೆಯೇ: ಒಂದೇ ವಿಳಾಸ ಎರಡು ಯಂತ್ರಗಳಿಗೆ ಹೋದರೆ ಎರಡೂ ಕೆಡುತ್ತವೆ.

ಆದಕಾರಣ ಟೋಕನ್ ಪುಸ್ತಕವನ್ನು ಹರಿದು ಹಂಚುವುದು ಸರಳ ವಿಧಾನ. ಉದಾಹರಣೆಗೆ, ಜಾಲದಲ್ಲಿ ವಿತರಿಸತಕ್ಕ ವಿಳಾಸಗಳು 192.168.10.21ರಿಂದ 192.168.10.220ರವರೆಗೆ, ಅಂದರೆ 200 ಇದ್ದಲ್ಲಿ, ಮೊದಲ ಸರ್ವರಿಗೆ 21ರಿಂದ 180ರವರೆಗಿನ 160, ಎರಡನೆಯದಕ್ಕೆ 181ರಿಂದ 220ರವರೆಗಿನ 40. ಇದನ್ನು 80:20 ಹಂಚಿಕೆ ಎನ್ನುವರು. ಕಚೇರಿಯಲ್ಲಿ 40ಕ್ಕಿಂತ ಹೆಚ್ಚು ಯಂತ್ರಗಳಿದ್ದಲ್ಲಿ ಎರಡನೆಯ ಸರ್ವರ್ ಎಲ್ಲವನ್ನೂ ಸಲಹಲಾರದು. ಆಗ ಅರ್ಧರ್ಧ ಹಂಚುವುದೇ ಮೇಲು. ಮುದ್ರಣಯಂತ್ರ ಮೊದಲಾದವುಗಳಿಗೆ ಕಾಯ್ದಿರಿಸಿದ ವಿಳಾಸಗಳನ್ನು ಎರಡೂ ಸರ್ವರ್‌ಗಳಲ್ಲಿ ಒಂದೇ ರೀತಿ ನಮೂದಿಸತಕ್ಕದ್ದು.

ಎರಡನೆಯ ವಿಧಾನದಲ್ಲಿ ಎರಡೂ ಸರ್ವರ್‌ಗಳು ಒಂದೇ ವಹಿಯನ್ನು ಪರಸ್ಪರ ತಾಳೆ ನೋಡುತ್ತ ನಡೆಸುತ್ತವೆ. ವಾಣಿಜ್ಯ ಓದಿದ ನನಗೆ ಇದೇ ಹೆಚ್ಚು ಒಪ್ಪಿಗೆಯಾದುದು. ವಿಂಡೋಸ್ ಸರ್ವರ್‌ನಲ್ಲಿ ಈ ಸೌಲಭ್ಯ 2012ರ ಆವೃತ್ತಿಯಿಂದ ಇದೆ. ಮುಕ್ತ ತಂತ್ರಾಂಶವಾದ ಕಿಯಾದಲ್ಲಿಯೂ ಉಂಟು. ಎರಡರ ಗಡಿಯಾರಗಳೂ ಹೊಂದಿಕೆಯಾಗಿರಬೇಕು, ಇಲ್ಲವಾದರೆ ಕರಾರಿನ ಅವಧಿಯ ಲೆಕ್ಕವೇ ತಪ್ಪುತ್ತದೆ.

ಎರಡೂ ಸರ್ವರ್‌ಗಳನ್ನು ಒಂದೇ ಯು.ಪಿ.ಎಸ್.ಗೆ ಹಾಗೂ ಒಂದೇ ಸ್ವಿಚ್ಚಿಗೆ ಜೋಡಿಸಿದರೆ ಖರ್ಚು ಮಾಡಿದ್ದು ವ್ಯರ್ಥ. ಬೇರೆ ಮಹಡಿ ಅಥವಾ ಬೇರೆ ಉಪಜಾಲದ ಯಂತ್ರಗಳಿದ್ದಲ್ಲಿ ರೂಟರಿನಲ್ಲಿ ಎರಡೂ ಸರ್ವರ್‌ಗಳ ವಿಳಾಸ ನಮೂದಿಸಬೇಕು. ಸಾಮಾನ್ಯವಾಗಿ ಮರೆತುಹೋಗುವ ಅಂಶವಿದು. ಕಚೇರಿ ವೇಳೆಯ ನಂತರ ಮೊದಲ ಸರ್ವರನ್ನು ಬೇಕೆಂದೇ ನಿಲ್ಲಿಸಿ, ಕೌಂಟರಿನ ಯಂತ್ರದ ವಿಳಾಸ ಬಿಡುಗಡೆ ಮಾಡಿ, ಹೊಸದು ದೊರೆಯುವುದೇ ಎಂದು ಪರೀಕ್ಷಿಸದ ಹೊರತು ವ್ಯವಸ್ಥೆ ಪೂರ್ಣವಾಯಿತೆಂದು ಪ್ರಮಾಣೀಕರಿಸಬಾರದು.

ವಿದ್ಯುತ್ ಕಡಿತ, ಹೊರಗಿನ ಕೇಬಲ್ ತುಂಡಾಗುವುದು, ಮುಖ್ಯ ಸರ್ವರ್ ಸ್ಥಗಿತ, ಇವುಗಳಿಗೆ ಈ ವ್ಯವಸ್ಥೆ ಪರಿಹಾರವಲ್ಲ. ಸಿಬ್ಬಂದಿಯಾಗಲಿ ಸಾರ್ವಜನಿಕರಾಗಲಿ ಕಚೇರಿಯ ಜಾಲಕ್ಕೆ ಸ್ವಂತ ವೈ-ಫೈ ಪೆಟ್ಟಿಗೆ ಜೋಡಿಸತಕ್ಕದ್ದಲ್ಲ. ಅದು ತಾನೂ ವಿಳಾಸ ಹಂಚತೊಡಗಿ ಕೌಂಟರ್‌ಗಳನ್ನು ದಾರಿ ತಪ್ಪಿಸುತ್ತದೆ.

ಒಂದು ಕೌಂಟರ್ ನಡೆಯುತ್ತಿದ್ದು ಪಕ್ಕದ್ದು ನಿಂತಿದ್ದಲ್ಲಿ ಅರ್ಜಿದಾರರು ಅದನ್ನು ಶಾಖಾಧಿಕಾರಿಯವರ ಗಮನಕ್ಕೆ ತರಬಹುದು. ದೋಷ ಕಚೇರಿಯೊಳಗೇ ಇರಬಹುದೆಂಬುದಕ್ಕೆ ಅದೊಂದು ಸೂಚನೆ. ಸಕಾಲ ವ್ಯಾಪ್ತಿಯ ಸೇವೆಯಾದಲ್ಲಿ ಸ್ವೀಕೃತಿ ಪಡೆಯದೆ ಮೂಲ ದಾಖಲೆಗಳನ್ನು ಕೌಂಟರಿನಲ್ಲಿ ಬಿಟ್ಟುಹೋಗಬಾರದೆಂದು ಕೋರಲಾಗಿದೆ.