ಪರರ ರಕ್ತವಿಲ್ಲದೆ ಹೃದಯದ ಶಸ್ತ್ರಚಿಕಿತ್ಸೆ

ಹೃದಯವನ್ನು ತೆರೆದು ಸರಿಪಡಿಸಬೇಕಾದರೆ ಅದರ ಕೆಲಸವನ್ನು ತಾತ್ಕಾಲಿಕವಾಗಿ ಬೇರೊಂದಕ್ಕೆ ವಹಿಸಬೇಕಷ್ಟೆ. ಅಮೆರಿಕದ ಫಿಲಡೆಲ್ಫಿಯದಲ್ಲಿ 1953ರಲ್ಲಿ ಡಾ. ಜಾನ್ ಗಿಬ್ಬನ್ನರು ಹೃದಯ-ಶ್ವಾಸಕೋಶ ಯಂತ್ರದಿಂದ ಇದನ್ನು ಸಾಧಿಸಿದರು. ಆದರೆ ಯಂತ್ರದ ಕೊಳವೆಗಳನ್ನು ಮುಂಚೆಯೇ ದ್ರವದಿಂದ ತುಂಬಿರಬೇಕು. ಮೊದಮೊದಲು ದಾನಿಗಳ ರಕ್ತವೇ ಆ ದ್ರವವಾಗಿದ್ದಿತು.

ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥದವರಿಗೆ ಇದು ದೊಡ್ಡ ತೊಡಕಾಯಿತು. ರಕ್ತವನ್ನು ವರ್ಜಿಸಬೇಕೆಂಬ ಬೈಬಲ್ಲಿನ ವಿಧಿಯನ್ನು ಅನುಸರಿಸಿ ಅವರು, ಪ್ರಾಣಾಪಾಯವಿದ್ದರೂ, ಪರರ ರಕ್ತವನ್ನು ಸ್ವೀಕರಿಸರು. ಅಂಥವರಿಗೆ ಚಿಕಿತ್ಸೆಯೇ ಇಲ್ಲವೆನ್ನೋಣವೆ? ಹ್ಯೂಸ್ಟನ್ ನಗರದ ಡಾ. ಡೆಂಟನ್ ಕೂಲಿಯವರು 1960ರ ದಶಕದಲ್ಲಿ ಯಂತ್ರಕ್ಕೆ ರಕ್ತದ ಬದಲು ಗ್ಲೂಕೋಸಿನ ದ್ರಾವಣವನ್ನು ತುಂಬಿ ಇವರಿಗೂ ಚಿಕಿತ್ಸೆ ನಡೆಸಿದರು.

ದ್ರಾವಣ ಬೆರೆತಾಗ ರೋಗಿಯ ರಕ್ತ ತೆಳುವಾಗಿ, ಪ್ರತಿಯೊಂದು ಹನಿಯೂ ಹೊರುವ ಆಮ್ಲಜನಕ ಕಡಮೆಯಾಗುವುದು ನಿಜ. ಆದರೆ ಜೇನಿಗಿಂತ ನೀರು ಸುಲಭವಾಗಿ ಹರಿಯುವಂತೆ, ಸ್ನಿಗ್ಧತೆ ತಗ್ಗಿದ ರಕ್ತವು ಸೂಕ್ಷ್ಮನಾಳಗಳಲ್ಲಿ ಸರಾಗವಾಗಿ ಹರಿಯುತ್ತದೆ. ದೇಹವನ್ನು ತಂಪುಗೊಳಿಸಿದರೆ ಆಮ್ಲಜನಕದ ಅವಶ್ಯಕತೆಯೂ ಇಳಿಯುತ್ತದೆ. ಹೀಗೆ ಒಂದು ಮಿತಿಯವರೆಗೆ ನಷ್ಟವು ಸರಿದೂಗುತ್ತದೆ.

ಆ ಮಿತಿಯನ್ನು ಮರೆಯಲಾಗದು. ಹೃದಯ ಹಾಗೂ ರಕ್ತನಾಳಗಳ ಶಸ್ತ್ರಚಿಕಿತ್ಸೆಗೆ ಒಳಗಾದ ಈ ಪಂಥದ 542 ರೋಗಿಗಳನ್ನು ಕುರಿತು ಕೂಲಿಯವರೂ ಡಾ. ಡೇವಿಡ್ ಆಟ್ ಅವರೂ 1977ರಲ್ಲಿ ವರದಿ ಪ್ರಕಟಿಸಿದರು. 30 ದಿನಗಳೊಳಗೆ ಮಡಿದವರು ಶೇಕಡಾ 9.4, ಅವರಲ್ಲಿ ರಕ್ತನಷ್ಟವೇ ನೇರ ಕಾರಣವಾದುದು ಮೂವರಿಗೆ ಮಾತ್ರ. ಮೂವರೆಂಬುದೂ ಅಲ್ಪವಲ್ಲ. ಆದರೂ ಕೆಲವರ ನಂಬಿಕೆಯನ್ನು ಗೌರವಿಸಲು ವೈದ್ಯರು ಕಲಿತ ಈ ಮಿತವ್ಯಯವು, ರಕ್ತವನ್ನು ನಿರಾಕರಿಸದ ರೋಗಿಗಳಿಗೂ ಇಂದು ಉಪಕಾರಿಯಾಗಿದೆ.